ಬಿಸಿ ಇದ್ದಾಗ ಹಿಡಿಯದ ಹಳೇ ಎಂಪಿಎಫ್‌ಐ ಗಾಡಿ: ಪಾರ್ಟ್ ಬದಲಿಸುವ ಮೊದಲು ಏನು ನೋಡಬೇಕು?

ಈ ವಾರ ಬಳ್ಳಿ, ಮಣ್ಣು, ಜೀವಾಮೃತ ಎಲ್ಲಾ ಬಾಜೂಕ ಇಟ್ಟು ಗಾಡಿ ಕಡೆ ಬರೋಣ. ಯಾಕಂದ್ರ ಬೆಳೆದದ್ದನ್ನು ಪೇಟೆಗೆ ಮುಟ್ಟಿಸುವ ಗಾಡಿ ನಡುದಾರಿಯಲ್ಲಿ ನಿಂತರೆ ವರ್ಷದ ದುಡಿಮೆ ಅದರೊಳಗೇ ಬಾಡತೈತಿ.

ನನ್ನ ಹತ್ತಿರ ಒಂದು ಹಳೇ ಮಾರುತಿ ಓಮ್ನಿ ಐತಿ. ಮೂರು ಸಿಲಿಂಡರ್, 796 ಸಿಸಿ, ಎಂಪಿಎಫ್‌ಐ. ದ್ರಾಕ್ಷಿ ಹಂಗಾಮಿನಲ್ಲಿ ಟಿಕೋಟಾ ಕಡೆಯಿಂದ ವಿಜಯಪುರಕ್ಕೆ ಹಣ್ಣು ಒಯ್ದು ಮನೆಮನೆಗೆ ಕೊಡತೀನಿ. ಮುಂಜಾನೆ ಒಂದೇ ಕೀಲಿಗೆ ಚಾಲೂ. ಆದರೆ ಗೋಳಗುಮ್ಮಟದ ಹತ್ತಿರ ಒಂದು ಮನೆಗೆ ಬಾಕ್ಸ್ ಇಳಿಸಿ, ರೊಕ್ಕ ತಗೊಂಡು, ಚಹಾ ಕುಡಿದು 20 ನಿಮಿಷಕ್ಕೆ ಹೊರಗೆ ಬಂದರೆ ಸ್ಟಾರ್ಟರ್ ತಿರುಗತಿತ್ತು, ಎಂಜಿನ್ ಹಿಡೀತಿರಲಿಲ್ಲ. ಹಿಡಿದರೂ ಗಡಗಡ ನಡುಗಿ, ಕರಿ ಹೊಗೆ ಉಗುಳಿ, ಅರ್ಧ ನಿಮಿಷದ ಮೇಲೆ ಸರಿ ಆಗತಿತ್ತು. ಒಂದು ದಿನ ಮಾರ್ಚ್ ಬಿಸಿಲಿನಾಗ ಹೀಗೇ ಸಿಕ್ಕಿಬಿದ್ದು ಕೊನೆಯ ನಾಲ್ಕು ಬಾಕ್ಸ್ ಕೆಟ್ಟವು. "ತಮ್ಮಾ, ಇದರಾಗ ಗೊಂಚಲ ಎಲ್ಲೈತಿ, ಬರೇ ಉದುರಿದ ಹಣ್ಣು" ಅಂದರು ಗಿರಾಕಿ ಅಕ್ಕೋರು. ರೊಕ್ಕ ಕೇಳುವ ಮುಖ ನನಗೆ ಉಳಿಯಲಿಲ್ಲ.

ಒಬ್ಬ ಮೇಸ್ತ್ರಿ ಪ್ಲಗ್ ಬದಲಿಸಿದ. ಆಗಲಿಲ್ಲ. ಇನ್ನೊಬ್ಬ ಗೇಜ್ ಹಾಕಿ "ಪ್ರೆಶರ್ ಇಳೀತೈತಿ, ಪಂಪ್ ಹೋಗೇತಿ" ಅಂದ. ಹೊಸ ಪಂಪ್ ಬಂತು, ರೋಗ ಹಾಗೇ ಉಳೀತು. ತಪ್ಪು ನನ್ನದೂ ಐತ್ರಿ. ಎಲೆ ಹಳದಿ ಆತು ಅಂದ ಕೂಡಲೇ ಯೂರಿಯಾ ಸುರಿಯೋರನ್ನ ನಾನೇ ಬೈತೀನಿ. ಹಳೇ ಎಲೆಯಿಂದ ಹಳದಿ ಶುರುವಾದರೆ ಸಾರಜನಕ. ಚಿಗುರು ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣ. ನಮ್ಮ ಸುಣ್ಣದಂಶದ ಎರಿ ಹೊಲದಾಗ ಇದು ದಿನಾ ನೋಡೂದು. ಗಾಡಿಗೆ ಮಾತ್ರ ಆ ಬುದ್ಧಿ ಓಡಿಸಲಿಲ್ಲ.

ಮೊದಲು ಗಡಿಯಾರ ನೋಡ್ರಿ

ಓಡುವಾಗ ನೀರು, ಫ್ಯಾನ್, ಗಾಳಿ ಎಂಜಿನ್ ಬಿಸಿ ಎಳಕೊಂಡು ಹೋಗತಾವ. ಬಂದ್ ಮಾಡಿದ ಕೂಡಲೇ ನೀರು ತಿರುಗೂದು ನಿಲ್ಲತೈತಿ, ಆದರೆ ಕಬ್ಬಿಣದಾಗಿನ ಬಿಸಿ ಮೇಲೇರತೈತಿ. ಹಾಗಾಗಿ ಇಂಜೆಕ್ಟರ್ ಮತ್ತು ಪೆಟ್ರೋಲ್ ಕೊಳವೆ ಹೆಚ್ಚು ಕಾಯೂದು ಓಡುವಾಗಲ್ಲ, ನಿಂತ ಮೇಲಿನ ಮೊದಲ ಅರ್ಧ ತಾಸಿನಲ್ಲಿ. ಓಮ್ನಿಯಲ್ಲಂತೂ ಎಂಜಿನ್ ಮುಂದಿನ ಸೀಟಿನ ಕೆಳಗೆ. ಆ ಬಿಸಿಗೆ ಹೊರಗ ಹೋಗಾಕ ದಾರಿ ಕಡಿಮೆ.

ಅದಕ್ಕೆ ಒಂದು ದಿನ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಬಿಸಿ ಎಂಜಿನ್ ಬಂದ್ ಮಾಡಿ ಕೂಡಲೇ ಚಾಲೂ ಮಾಡಿದರೆ ಹೆಂಗ? 20 ನಿಮಿಷಕ್ಕೆ? ಮೂರು ತಾಸಿಗೆ? ಕೂಡಲೇ ಮಾಡಿದರೂ ಕೆಟ್ಟದಾಗಿದ್ದರೆ ನೀರಿನ ಬಿಸಿ ಅಳೆಯುವ ಸೆನ್ಸರ್ ಮೇಲೆ ಸಂಶಯ. ಕೂಡಲೇ ಸರಿ, 20 ನಿಮಿಷಕ್ಕೆ ಕೆಟ್ಟದ್ದು ಅಂದರೆ ಪೆಟ್ರೋಲ್ ಎಲ್ಲೋ ಸೋರತೈತಿ ಅಥವಾ ಕೊಳವೆಯೊಳಗೆ ಆವಿ ಆಗತೈತಿ. ಇನ್ನು ಸ್ಟಾರ್ಟರೇ ನಿಧಾನ ತಿರುಗಿದರೆ ಬ್ಯಾಟರಿ, ಅರ್ಥ್ ವೈರ್ ನೋಡಿ. ತಿರುಗುವಾಗ ಮೀಟರಿನಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಪೆಟ್ರೋಲ್ ವಿಷಯ ಆಮೇಲೆ.

ಹೆಚ್ಚೋ, ಕಡಿಮೆಯೋ?

ಬಿಸಿ ಎಂಜಿನ್ ಹಿಡಿಯದಿರಲು ಪೆಟ್ರೋಲ್ ಕಡಿಮೆ ಆದರೂ ಸಾಕು, ಹೆಚ್ಚಾದರೂ ಸಾಕು. ಎರಡರ ಔಷಧ ಬೇರೆ. ಇದನ್ನು ಬಿಡಿಸಲು ದುಡ್ಡು ಬೇಡ.

ಕೀಲಿ ಆನ್ ಮಾಡಿ, ಸ್ಟಾರ್ಟರ್ ತಿರುಗಿಸದೆ ಎರಡು ಸೆಕೆಂಡ್ ತಡೆಯಿರಿ. ಪಂಪಿನ ಗುಂಯ್ ಸದ್ದು ಕೇಳತೈತಿ. ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಕೊಡಿ. ಛಲೋ ಹಿಡಿದರೆ ಪೆಟ್ರೋಲ್ ಕಡಿಮೆ ಬೀಳತಿತ್ತು ಅಂತ ಅರ್ಥ: ಪಂಪಿನ ಚೆಕ್ ವಾಲ್ವ್ ಒತ್ತಡ ಹಿಡಿದಿಟ್ಟಿಲ್ಲ, ಇಲ್ಲಾ ಆವಿ ತುಂಬೇತಿ.

ಇನ್ನೊಂದು ದಿನ, ಅದೇ 20 ನಿಮಿಷಕ್ಕೆ, ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಕೊಡಿ. ಬಹಳಷ್ಟು ಎಂಪಿಎಫ್‌ಐ ಗಾಡಿಗಳಲ್ಲಿ ಹೀಗೆ ಮಾಡಿದರೆ ಕಂಪ್ಯೂಟರ್ ಪೆಟ್ರೋಲ್ ತಡೆದು ಗಾಳಿ ಹೆಚ್ಚು ಬಿಡತೈತಿ. ಹಿಡಿಯಿತು, ಹೊಗೆ ಕರಿ, ಪೆಟ್ರೋಲ್ ವಾಸನೆ ಅಂದ್ರ ಒಳಗೆ ಹೆಚ್ಚಾಗಿತ್ತು. ಹಿಡಿದ ತಕ್ಷಣ ಕಾಲು ತೆಗೀರಿ, ಇಲ್ಲಾಂದ್ರ ಎಂಜಿನ್ ಕಿರಚತೈತಿ.

ನನ್ನ ಗಾಡಿ ಹಿಡಿದದ್ದು ಈ ಎರಡನೇ ಪರೀಕ್ಷೆಗೆ. ಆಮೇಲೆ ನೋಡಿದ್ದು ರೆಗ್ಯುಲೇಟರ್. ಅದರ ಸಣ್ಣ ಗಾಳಿ ಪೈಪ್ ಬಿಚ್ಚಿದಾಗ ಒಳಗೆ ಪೆಟ್ರೋಲ್ ಹಸಿ ಇದ್ದರೆ ಪೊರೆ ಹರಿದೈತಿ ಅಂತ ಅರ್ಥ. ನನ್ನದು ಒಣಾ ಇತ್ತು. (ಕೆಲವು ಗಾಡಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರತೈತಿ, ಅಲ್ಲಿ ಇದು ನಡೆಯೂದಿಲ್ಲ.) ಸೆನ್ಸರ್ ಮಲ್ಟಿಮೀಟರಿನಲ್ಲಿ ತಣ್ಣಗಿದ್ದಾಗ ಸುಮಾರು ಎರಡೂವರೆ ಸಾವಿರ ಓಮ್, ಕಾದಾಗ ಸುಮಾರು 300 ಓಮ್ ತೋರಿಸಿತು, ಸರಿಯಾಗಿಯೇ ಇತ್ತು. ಕಾದಾಗಲೂ ಸಾವಿರದ ಮೇಲೆ ನಿಂತಿದ್ದರೆ ಎಂಜಿನ್ ತಣ್ಣಗೈತಿ ಅಂತ ಕಂಪ್ಯೂಟರ್ ತಿಳಕೊಂಡು ಪೆಟ್ರೋಲ್ ಹೆಚ್ಚು ಸುರೀತಿತ್ತು.

ಉತ್ತರ ಸಿಕ್ಕಿದ್ದು ಪ್ಲಗ್ಗಿನಲ್ಲಿ. ಓಡಿಸಿ, 20 ನಿಮಿಷ ಬಿಟ್ಟು, ಚಾಲೂ ಮಾಡದೇ ಮೂರೂ ಪ್ಲಗ್ ಬಿಚ್ಚಿಸಿದೆ. ಎರಡು ಕಂದು, ಒಣಾ. ಮೂರನೇದು ಕರೀ, ಹಸಿ. ಅದೇ ಸಿಲಿಂಡರಿನ ಇಂಜೆಕ್ಟರ್ ಗಾಡಿ ನಿಂತ ಮೇಲೂ ಹನಿ ಹನಿ ಬಿಡತಿತ್ತು. ಗೇಜಿನಲ್ಲಿ ಪ್ರೆಶರ್ ಇಳಿದದ್ದು ಖರೇ, ಆದರೆ ಎಲ್ಲಿಂದ ಇಳೀತು ಅಂತ ಗೇಜ್ ಹೇಳೂದಿಲ್ಲ. ಪಂಪಿಗೆ ಕೊಟ್ಟ ರೊಕ್ಕ ಹೋದದ್ದು ಆ ಒಂದು ಪ್ರಶ್ನೆ ಕೇಳದ್ದಕ್ಕೆ. ಇಂಜೆಕ್ಟರ್ ಮೂರನ್ನೂ ತೆಗೆಸಿ ಮಷಿನ್ನಿನಲ್ಲಿ ತೊಳೆಸಿ, ಒತ್ತಡ ಕೊಟ್ಟು ಹನಿ ನಿಂತದ್ದನ್ನು ಕಣ್ಣಾರೆ ನೋಡಿ, ಹೊಸ ಓ-ರಿಂಗ್ ಹಾಕಿಸಿದೆ. ಹೋದ ಹಂಗಾಮು ಪೂರಾ ತಕರಾರಿಲ್ಲ.

ಒಂದು ಎಚ್ಚರಿಕೆ. ಪ್ಲಗ್ ಬಿಚ್ಚುವಾಗ ಬ್ಯಾಟರಿ ವೈರ್ ತೆಗೆದಿರಲಿ. ಪೆಟ್ರೋಲ್ ಕೊಳವೆಯಲ್ಲಿ ಬಹಳಷ್ಟು ಗಾಡಿಗಳಲ್ಲಿ ಸುಮಾರು 3 ಬಾರ್ ಒತ್ತಡ ಇರತೈತಿ. ಕಾದ ಎಂಜಿನ್ ಮೇಲೆ ಅದನ್ನು ನೀವು ಬಿಚ್ಚಬ್ಯಾಡ್ರಿ, ಮೇಸ್ತ್ರಿಗೂ ಬಿಚ್ಚಾಕ ಬಿಡಬ್ಯಾಡ್ರಿ. ಈಗ ಪಂಪುಗಳಲ್ಲಿ ಸಿಗೂದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಯ ರಬ್ಬರ್ ಪೈಪ್ ಅದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಮೊದಲು ಅದನ್ನ ಬದಲಿಸ್ರಿ.

ಬ್ಲೂಟೂತ್ ಓಬಿಡಿ ಡಬ್ಬಿ ತಗೊಂಡು ಮೊಬೈಲಿಗೆ ಕೂಡಿಸಬಹುದಾ ಅಂತ ಭಾಳ ಹುಡುಗರು ಕೇಳತೀರಿ. 2013ರ ನಂತರದ ಗಾಡಿ ಇದ್ದರೆ ತಗೋರಿ, ನೀರಿನ ಬಿಸಿ ಎಷ್ಟು ಅಂತ ನೇರ ತೋರಸತೈತಿ. 2010ಕ್ಕೂ ಹಿಂದಿನದಾದರೆ ಡಬ್ಬಿ ಕೂಡದೇ ಇರಬಹುದು, ಮೊದಲು ಯಾರದಾದರೂ ಕೈಗಡ ತಂದು ನೋಡ್ರಿ. ಡೀಸೆಲ್ ಪಿಕಪ್ ಇದ್ದವರಿಗೆ ಈ ಪೆಟ್ರೋಲ್ ಪರೀಕ್ಷೆ ಹೊಂದೂದಿಲ್ಲ. ಅಲ್ಲಿ ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್ ಅಳೆಯಬೇಕು. ಅದನ್ನ ಇನ್ನೊಂದು ವಾರ ಬರೀತೀನಿ.