ಜಠರದ ಹುಣ್ಣು ಮತ್ತು ದೈಹಿಕ ತಪಾಸಣೆ

ಬೀದರ್ ಕಡೆಯಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವವರು ನಗರವನ್ನು ಸೇರುವ ಮುನ್ನ ಪಟಾನ್‌ಚೆರುವನ್ನು ಹಾದುಹೋಗುತ್ತಾರೆ. ಔಷಧ ತಯಾರಿಕೆಯೂ ಸೇರಿದಂತೆ ಹಲವು ಬಗೆಯ ಕಾರ್ಖಾನೆಗಳಿರುವ ಈ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರೊಬ್ಬರು ಹೊಟ್ಟೆನೋವೆಂದು ವೈದ್ಯರಲ್ಲಿಗೆ ಹೋದರೆಂದು ಭಾವಿಸೋಣ. ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ ವಿಶೇಷವೇನೂ ಕಾಣದು ಎಂದರೆ ಹುಣ್ಣಿಲ್ಲವೆಂದು ಅರ್ಥವೇ? ಖಂಡಿತ ಅಲ್ಲ.

ಜಠರದ ಅಥವಾ ಸಣ್ಣ ಕರುಳಿನ ಮೊದಲ ಭಾಗದ ಒಳಪದರದಲ್ಲಿ ಆಗುವ ಹುಣ್ಣನ್ನು ಪೆಪ್ಟಿಕ್ ಅಲ್ಸರ್ ಎನ್ನುತ್ತಾರೆ. ಇದಕ್ಕೆ ಖಾರ ಮತ್ತು ಚಿಂತೆಗಳೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವು ಮುಖ್ಯ ಕಾರಣವೆಂದು ತೋರಿಸಿದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಇನ್ನೊಂದು ಪ್ರಮುಖ ಕಾರಣ.

ತೊಡಕಿಲ್ಲದ ಹುಣ್ಣಿನಲ್ಲಿ ದೈಹಿಕ ತಪಾಸಣೆಯಿಂದ ದೊರೆಯುವ ಸುಳಿವು ಅಲ್ಪ. ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಒತ್ತಿದಾಗ ನೋವಾಗಬಹುದು; ಆಗದೆಯೂ ಇರಬಹುದು. ಈ ನೋವು ಬೇರೆ ಕಾಯಿಲೆಗಳಲ್ಲಿಯೂ ಉಂಟು. ಹಾಗಾದರೆ ವೈದ್ಯರು ಪರೀಕ್ಷಿಸುವುದೇಕೆ? ಅಪಾಯದ ಚಿಹ್ನೆಗಳನ್ನು ಗುರುತಿಸುವುದಕ್ಕಾಗಿ. ಅವು ಮುಖ್ಯವಾಗಿ ಮೂರು:

1. ರಕ್ತಸ್ರಾವ: ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುತ್ತದೆ. ಹೆಚ್ಚು ರಕ್ತ ಹೋದಾಗ ನಾಡಿ ವೇಗವಾಗಿ, ರಕ್ತದೊತ್ತಡ ಇಳಿಯುತ್ತದೆ. ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿರುತ್ತದೆ. ಕಬ್ಬಿಣಾಂಶದ ಮಾತ್ರೆಗಳಿಂದಲೂ ಮಲ ಕಪ್ಪಾಗುವುದರಿಂದ ಅವನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

2. ರಂಧ್ರ: ಹುಣ್ಣು ತೂತಾದರೆ ಹಠಾತ್ತನೆ ತೀವ್ರ ನೋವು ಬಂದು ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ರೋಗಿ ಅಲುಗಾಡದೆ ಮಲಗಿರುತ್ತಾನೆ. ಸ್ಟೆತಸ್ಕೋಪಿನಲ್ಲಿ ಕರುಳಿನ ಸದ್ದು ಕ್ಷೀಣವಾಗಿರುತ್ತದೆ ಅಥವಾ ಕೇಳಿಸುವುದೇ ಇಲ್ಲ.

3. ತಡೆ: ಜಠರದ ಹೊರದಾರಿ ಕಟ್ಟಿಕೊಂಡರೆ, ಊಟವಾಗಿ ಹಲವು ಗಂಟೆಗಳಾದ ಮೇಲೂ ಹೊಟ್ಟೆಯನ್ನು ಅಲುಗಿಸಿದಾಗ ನೀರು ಕುಲುಕಿದ ಸದ್ದು ಕೇಳಿಸುತ್ತದೆ. ಪದೇ ಪದೇ ವಾಂತಿಯಾಗಿ ತೂಕ ಇಳಿಯುತ್ತದೆ.

ರಕ್ತವಾಂತಿ, ಕಪ್ಪು ಮಲ ಅಥವಾ ಗಟ್ಟಿಯಾದ ಹೊಟ್ಟೆ ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ರೋಗಿಗೆ ಆಹಾರ, ನೀರು ಕೊಡದೆ ಕೂಡಲೇ 108ಕ್ಕೆ ಕರೆ ಮಾಡಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಬೇಕು.

ಅಪಾಯದ ಚಿಹ್ನೆಗಳಿಲ್ಲದಿದ್ದರೂ ನೋವು ಮರುಕಳಿಸುತ್ತಿದ್ದರೆ ಪರೀಕ್ಷೆ ಮುಂದುವರಿಯಬೇಕು. ಹುಣ್ಣನ್ನು ಖಚಿತಪಡಿಸುವುದು ಎಂಡೋಸ್ಕೋಪಿ. ಬ್ಯಾಕ್ಟೀರಿಯವನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದಲೂ ಪತ್ತೆ ಮಾಡಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ವೈದ್ಯರ ಕೈಗೆ ಸಿಗದ ಸುಳಿವು ಅನೇಕ ವೇಳೆ ರೋಗಿಯ ಮಾತಿನಲ್ಲಿ ಸಿಗುತ್ತದೆ.