ಗದರ್ ಪಕ್ಷ: ವಲಸಿಗರ ನಡುವೆ ಹುಟ್ಟಿದ ಕ್ರಾಂತಿ

1913ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಗದರ್ ಪಕ್ಷ ಸ್ಥಾಪನೆಯಾಯಿತು. ಅಧ್ಯಕ್ಷರು ಸೋಹನ್ ಸಿಂಗ್ ಭಕ್ನಾ, ಪ್ರಧಾನ ಕಾರ್ಯದರ್ಶಿ ಲಾಲಾ ಹರದಯಾಳ್. ಪ್ರಶ್ನೆಪತ್ರಿಕೆಗಳಲ್ಲಿ ಇವರಿಬ್ಬರ ಹುದ್ದೆಯನ್ನು ಅದಲುಬದಲು ಮಾಡಿ ಕೊಡುವುದುಂಟು, ಎಚ್ಚರ. ಕೇಂದ್ರ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದ ಯುಗಾಂತರ ಆಶ್ರಮ. 'ಗದರ್' ಪತ್ರಿಕೆಯ ಮೊದಲ ಸಂಚಿಕೆ 1913ರ ನವೆಂಬರ್ 1ರಂದು ಉರ್ದುವಿನಲ್ಲಿ ಹೊರಬಂತು. ಗುರುಮುಖಿ ಆವೃತ್ತಿ ಆಮೇಲಿನದು.

ಸದಸ್ಯರಲ್ಲಿ ಹೆಚ್ಚಿನವರು ಮರದ ಮಿಲ್ಲು, ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು. ಬ್ರಿಟಿಷ್ ಪ್ರಜೆಗಳೆಂಬ ಹೆಸರಿದ್ದರೂ ಬ್ರಿಟಿಷ್ ಸಾಮ್ರಾಜ್ಯದ್ದೇ ಭಾಗವಾದ ಕೆನಡಾ ಅವರಿಗೆ ಬಾಗಿಲು ಹಾಕಿತ್ತು. 1908ರ ನಿಯಮದ ಪ್ರಕಾರ ತಾಯ್ನಾಡಿನಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ! ಜನಾಂಗದ ಹೆಸರೆತ್ತದೆಯೇ ಒಂದು ಜನಾಂಗವನ್ನು ಹೊರಗಿಟ್ಟ ಚಾಣಾಕ್ಷ ಕಾನೂನು ಇದು.

ಈ ನಿಯಮಕ್ಕೆ ಸವಾಲೊಡ್ಡಲು ಉದ್ಯಮಿ ಗುರ್ದಿತ್ ಸಿಂಗ್ ಬಾಡಿಗೆಗೆ ಪಡೆದ ಜಪಾನಿ ಹಡಗು 'ಕೊಮಗಾಟ ಮಾರು' 376 ಪ್ರಯಾಣಿಕರೊಂದಿಗೆ 1914ರ ಮೇ 23ರಂದು ವ್ಯಾಂಕೂವರ್ ತಲುಪಿತು. ಇಳಿಯಲು ಅನುಮತಿ ಸಿಕ್ಕಿದ್ದು ಬೆರಳೆಣಿಕೆಯವರಿಗೆ. ಎರಡು ತಿಂಗಳು ಲಂಗರು ಹಾಕಿ ನಿಂತ ಹಡಗು ಜುಲೈ 23ರಂದು ಮರಳಿತು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿ ಹಲವರು ಸತ್ತರು. (ಕೆನಡಾ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ, ಪ್ರಧಾನಿ ಜಸ್ಟಿನ್ ಟ್ರುಡೊ.)

ಮೊದಲ ಮಹಾಯುದ್ಧದ ಕಾಲವೇ ಬಂಡಾಯಕ್ಕೆ ಸರಿಯಾದ ಸಮಯವೆಂದು ಗದರಿಗಳು ತಾಯ್ನಾಡಿಗೆ ಮರಳಿದರು. ಸೈನಿಕ ದಂಗೆಗೆ 1915ರ ಫೆಬ್ರವರಿ 21 ನಿಗದಿಯಾಗಿತ್ತು. ಸುಳಿವು ಸೋರಿದ್ದರಿಂದ 19ಕ್ಕೆ ಹಿಂದೂಡಿದರೂ ಫಲಿಸಲಿಲ್ಲ. ಸರ್ಕಾರ ಅದೇ ವರ್ಷ ಭಾರತ ರಕ್ಷಣಾ ಕಾಯ್ದೆ ತಂದಿತು. ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಕರ್ತಾರ್ ಸಿಂಗ್ ಸರಾಭಾ ನವೆಂಬರ್ 16ರಂದು ಗಲ್ಲಿಗೇರಿದಾಗ ವಯಸ್ಸು 19. ಭಗತ್ ಸಿಂಗ್ ತಮ್ಮ ಆದರ್ಶವೆಂದು ಕಂಡದ್ದು ಇವರನ್ನೇ.