ಮಡಿಲು ತುಂಬುವ ಹಂಬಲ ಮತ್ತು ಥೈರಾಯ್ಡ್ ತೊಂದರೆ

"ವಿಶೇಷ ಏನಾದರೂ ಇದೆಯೇನಮ್ಮಾ?"

ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವಾಗ, ಮದುವೆಯಾಗಿ ಎರಡು ಮೂರು ವರ್ಷವಾದ ಹೆಣ್ಣುಮಗಳಿಗೆ ಎದುರಾಗುವ ಪ್ರಶ್ನೆ ಇದು. ಕೇಳಿದವರು ಪ್ರೀತಿಯಿಂದಲೇ ಕೇಳಿರಬಹುದು. ಆದರೆ ಉತ್ತರ ಕೊಡಬೇಕಾದವಳ ಎದೆಗೆ ಅದು ಮುಳ್ಳಿನಂತೆ ಚುಚ್ಚುತ್ತದೆ. ಮನೆಗೆ ಬಂದರೆ ಅತ್ತೆಯ ಮೌನ, ನೆಂಟರ ಪಿಸುಮಾತು. "ಯಾವ ಪಾಪದ ಫಲವೋ" ಎಂಬ ಮಾತೂ ಒಮ್ಮೊಮ್ಮೆ ಕಿವಿಗೆ ಬೀಳುತ್ತದೆ.

ಈ ತಪ್ಪು ಕಲ್ಪನೆಯನ್ನು ಮೊದಲು ತಿದ್ದಿಕೊಳ್ಳೋಣ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಇವನ ತಂದೆತಾಯಿಯರದೋ ಎಂದು ಯೇಸುಸ್ವಾಮಿಯನ್ನು ಕೇಳಿದರು. ಇವನದೂ ಅಲ್ಲ, ಅವರದೂ ಅಲ್ಲ ಎಂದು ಸ್ವಾಮಿ ಉತ್ತರಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮಕ್ಕಳಾಗದಿರುವುದು ಶಾಪವಲ್ಲ, ಶಿಕ್ಷೆಯೂ ಅಲ್ಲ. ಅನೇಕ ಸಲ ಅದರ ಹಿಂದೆ ಚಿಕಿತ್ಸೆಗೆ ಬಗ್ಗುವ ದೈಹಿಕ ತೊಂದರೆ ಇರುತ್ತದೆ. ಅಂಥ ತೊಂದರೆಗಳಲ್ಲಿ ಒಂದು ಥೈರಾಯ್ಡ್.

ಏನಿದು ಥೈರಾಯ್ಡ್?

ಕತ್ತಿನ ಮುಂಭಾಗದಲ್ಲಿ, ಗಂಟಲಿನ ಕೆಳಗೆ, ಚಿಟ್ಟೆಯ ಆಕಾರದ ಪುಟ್ಟ ಗ್ರಂಥಿಯೊಂದಿದೆ. ಅದೇ ಥೈರಾಯ್ಡ್. ಊಟದಿಂದ ದೊರೆಯುವ ಅಯೋಡಿನ್ ಬಳಸಿ ಅದು ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ಇಡೀ ದೇಹದ ಕೆಲಸದ ವೇಗವನ್ನು ಹತೋಟಿಯಲ್ಲಿಡುತ್ತದೆ. ಇದು ಕಡಿಮೆಯಾದರೆ ಆಯಾಸ, ತೂಕ ಏರುವುದು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು ಅಥವಾ ಅಧಿಕ ಸ್ರಾವ ಕಾಣಿಸಿಕೊಳ್ಳಬಹುದು. ಹೆಚ್ಚಾದರೆ ಎದೆಬಡಿತ, ಕೈನಡುಕ, ಬೆವರು, ತೂಕ ಇಳಿಯುವುದು. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮನೆಗೆಲಸದ ದಣಿವು ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುವ ಹೆಂಗಸರೂ ಇದ್ದಾರೆ.

ಗರ್ಭಧಾರಣೆಗೆ ಅಡ್ಡಿ ಹೇಗೆ?

ಥೈರಾಕ್ಸಿನ್ ಕಡಿಮೆಯಾದಾಗ ಮೆದುಳು ಆ ಗ್ರಂಥಿಯನ್ನು ಎಚ್ಚರಿಸಲು ಪ್ರಯತ್ನಿಸುತ್ತದೆ. ಆ ಸಮಯದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಕೂಡ ಹೆಚ್ಚಾಗಬಹುದು. ಮಗುವಿಗೆ ಹಾಲೂಡಿಸುವ ತಾಯಿಯಲ್ಲಿ ಹೆಚ್ಚಾಗಿರುವ ಹಾರ್ಮೋನು ಇದೇ. ಇದು ಏರಿದರೆ ಅಂಡಾಶಯದಿಂದ ತಿಂಗಳು ತಿಂಗಳು ಅಂಡಾಣು ಬಿಡುಗಡೆಯಾಗುವ ಕ್ರಮ ತಪ್ಪುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಗರ್ಭ ನಿಂತರೂ ಗರ್ಭಪಾತದ ಅಪಾಯ ಹೆಚ್ಚು. ಸ್ವಾಭಾವಿಕ ಕುಟುಂಬ ಯೋಜನೆಯ ವಿಧಾನವನ್ನು ಕಲಿತು ದಿನದಿನದ ಲಕ್ಷಣಗಳನ್ನು ಬರೆದಿಡುವ ದಂಪತಿಗಳಿಗೆ ಈ ಏರುಪೇರು ಬೇಗ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು.

ಗಂಡಸರಲ್ಲೂ ಥೈರಾಯ್ಡ್ ತೊಂದರೆ ವೀರ್ಯಾಣುಗಳ ಗುಣವನ್ನು ಕುಗ್ಗಿಸಬಹುದು. ಆದ್ದರಿಂದ ಹೆಂಡತಿಯನ್ನು ಒಬ್ಬಳನ್ನೇ ಆಸ್ಪತ್ರೆಗೆ ಕಳುಹಿಸುವುದು ನ್ಯಾಯವಲ್ಲ. ಮಕ್ಕಳಾಗದ ಪ್ರಶ್ನೆ ದಂಪತಿಗಳಿಬ್ಬರದು. ಪರೀಕ್ಷೆಗೆ ಇಬ್ಬರೂ ಹೋಗಬೇಕು.

ಪರೀಕ್ಷೆ, ಚಿಕಿತ್ಸೆ

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಯ ವಯಸ್ಸು 35 ದಾಟಿದ್ದರೆ 6 ತಿಂಗಳಿಗೇ ಕಾಣುವುದು ಒಳ್ಳೆಯದು. ಮುಟ್ಟು ಕ್ರಮವಾಗಿ ಬಾರದಿದ್ದರೆ ಕಾಯುವುದೇ ಬೇಡ. ಟಿ.ಎಸ್.ಎಚ್. ಎಂಬ ಒಂದು ರಕ್ತಪರೀಕ್ಷೆಯಿಂದ ತೊಂದರೆಯ ಸುಳಿವು ಸಿಗುತ್ತದೆ. ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಪಡೆಯುತ್ತಾ ಮಗುವಿಗಾಗಿ ಕಾಯುತ್ತಿರುವವರಲ್ಲಿ ಈ ಅಂಕಿ 2.5ಕ್ಕಿಂತ ಕೆಳಗಿರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ.

ಕೊರತೆಗೆ ಕೊಡುವುದು ಒಂದು ಸಣ್ಣ ಥೈರಾಕ್ಸಿನ್ ಮಾತ್ರೆ. ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ, ತಿಂಡಿ. ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಡುವೆ 4 ಗಂಟೆ ಅಂತರವಿರಲಿ. 6ರಿಂದ 8 ವಾರಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ಸರಿಹೊಂದಿಸುತ್ತಾರೆ. ಥೈರಾಯ್ಡ್ ಹೆಚ್ಚಾಗಿರುವವರಿಗೆ ಬೇರೆ ಔಷಧಿಗಳಿವೆ. ಅವುಗಳಲ್ಲಿ ಕೆಲವು ಗರ್ಭದ ಮೊದಲ ತಿಂಗಳುಗಳಲ್ಲಿ ತಕ್ಕವಲ್ಲ. ಆದ್ದರಿಂದ ಗರ್ಭಧಾರಣೆಗೆ ಮುಂಚೆಯೇ ವೈದ್ಯರೊಡನೆ ಮಾತಾಡಬೇಕು.

ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಉಪ್ಪನ್ನು ಅಡುಗೆಯ ಕೊನೆಯಲ್ಲಿ ಹಾಕುವುದು ಉತ್ತಮ. ಆದರೆ ಉಪ್ಪು ಮಾತ್ರೆಗೆ ಬದಲಲ್ಲ.

ಮಾತ್ರೆ ನಿಲ್ಲಿಸಬೇಡಿ

ಗರ್ಭ ನಿಂತ ಕೂಡಲೇ "ಬಸುರಿಗೆ ಮಾತ್ರೆ ಬೇಡ" ಎಂದು ಹಿರಿಯರು ಹೇಳುವುದುಂಟು. ಹರಕೆ ಹೊತ್ತು ವೇಲಾಂಗಣಿಗೆ ಹೋಗಿ ಬಂದು, ಇನ್ನು ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾದಂತೆ ಎಂದು ತಿಳಿಯುವವರೂ ಇದ್ದಾರೆ. ಎರಡೂ ಅಪಾಯಕರ. ಮೊದಲ ಮೂರು ತಿಂಗಳು ಗರ್ಭದ ಶಿಶು ತನ್ನ ಮೆದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್‌ಗಾಗಿ ತಾಯಿಯನ್ನೇ ಅವಲಂಬಿಸಿರುತ್ತದೆ. ಆಗ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆಯೇ ಹೊರತು ನಿಲ್ಲಿಸುವುದಲ್ಲ. ಗರ್ಭ ನಿಂತಿದೆ ಎಂದು ತಿಳಿದ ತಕ್ಷಣ ವೈದ್ಯರನ್ನು ಕಾಣಿರಿ.

ಪ್ರಾರ್ಥನೆಯೋ, ಔಷಧಿಯೋ?

ಎರಡೂ ಬೇಕು. ಸಿರಾಖನ ಗ್ರಂಥದ 38ನೆಯ ಅಧ್ಯಾಯ ರೋಗಿಗೆ ಪ್ರಾರ್ಥಿಸಲು ಹೇಳುತ್ತದೆ. ವೈದ್ಯನಿಗೂ ಸ್ಥಾನ ಕೊಡಲು ಹೇಳುತ್ತದೆ. ಔಷಧಿಯನ್ನು ಭೂಮಿಯಿಂದ ಉಂಟುಮಾಡಿದವನು ದೇವರೇ ಎಂದು ಕಲಿಸುತ್ತದೆ. ಮಾತ್ರೆ ನುಂಗುವ ಕೈಯಲ್ಲೇ ಜಪಸರವನ್ನೂ ಹಿಡಿಯಬಹುದು.

ಧರ್ಮಸಭೆಯ ಬೋಧನೆಯೂ ಇದೇ ದಾರಿಯದು. ಬಂಜೆತನವನ್ನು ಕಡಿಮೆಮಾಡುವ ಸಂಶೋಧನೆಗೆ ಪ್ರೋತ್ಸಾಹ ಕೊಡಬೇಕೆಂದು 1992ರ ಧರ್ಮೋಪದೇಶ ಗ್ರಂಥ (2375) ಹೇಳುತ್ತದೆ. ಮಗು ನಮಗೆ ಸಲ್ಲಬೇಕಾದ ಬಾಕಿಯಲ್ಲ, ದೇವರ ವರದಾನ (2378) ಎಂದೂ ನೆನಪಿಸುತ್ತದೆ. ದಂಪತಿಗಳ ಮಿಲನದ ಜಾಗದಲ್ಲಿ ಪ್ರಯೋಗಾಲಯವನ್ನು ಇಡುವ ಪ್ರನಾಳ ಶಿಶು ವಿಧಾನವನ್ನು ಧರ್ಮಸಭೆ ಒಪ್ಪುವುದಿಲ್ಲ. ಆದರೆ ಥೈರಾಯ್ಡ್ ಚಿಕಿತ್ಸೆ ದೇಹವನ್ನು ಅದರ ಸಹಜ ಸ್ಥಿತಿಗೆ ತರುವ ಕೆಲಸ. ಇದರಲ್ಲಿ ಅಳುಕಬೇಕಾದ್ದು ಏನೂ ಇಲ್ಲ.

ಚಿಕಿತ್ಸೆ ಪಡೆದ ಎಲ್ಲರಿಗೂ ಮಗುವಾಗುತ್ತದೆಂದು ಮಾತು ಕೊಡಲು ಯಾರಿಂದಲೂ ಆಗದು. ಮಗುವಾಗದಿದ್ದರೂ ವಿವಾಹ ಸಂಸ್ಕಾರ ಅಪೂರ್ಣವಾಗುವುದಿಲ್ಲ. ದತ್ತು ಸ್ವೀಕಾರದ ದಾರಿಯೂ ತೆರೆದಿದೆ. 2015ರ ಬಾಲನ್ಯಾಯ ಕಾಯಿದೆಯಡಿ ಕ್ರೈಸ್ತ ದಂಪತಿಗಳೂ ಕಾನೂನುಬದ್ಧವಾಗಿ ತಂದೆತಾಯಿಯಾಗಬಹುದು.

ಸಮುವೇಲನ ಮೊದಲನೆಯ ಗ್ರಂಥದಲ್ಲಿ ಹನ್ನಳ ಕಥೆಯಿದೆ. ಮಕ್ಕಳಿಲ್ಲವೆಂದು ಪೆನಿನ್ನಳು ಅವಳನ್ನು ಚುಚ್ಚಿದಳು. ಅವಳು ಮನಮುರಿದು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರೆ ಯಾಜಕ ಏಲಿ ಕುಡಿದ ಹೆಂಗಸೆಂದು ಗದರಿಸಿದನು. ತಪ್ಪು ತಿಳಿದ ಮೇಲೆ ಅವಳನ್ನು ಸಮಾಧಾನದಿಂದ ಕಳುಹಿಸಿದನು. ನಮ್ಮ ಧರ್ಮಕೇಂದ್ರದಲ್ಲೂ ಹನ್ನಳಂಥವರಿದ್ದಾರೆ. ಮುಂದಿನ ಭಾನುವಾರ ಮೆಟ್ಟಿಲ ಬಳಿ ಸಿಕ್ಕರೆ ವಿಶೇಷ ಕೇಳುವುದು ಬೇಡ. "ಹೇಗಿದ್ದೀಯಮ್ಮಾ?" ಎಂದಷ್ಟೇ ಕೇಳೋಣ.

ಮನೆಯಲ್ಲಿ ಚಿಂತಿಸಲು

1. ಮಕ್ಕಳಿಲ್ಲದ ದಂಪತಿಗಳ ಬಗ್ಗೆ ನಮ್ಮ ಮನೆಯಲ್ಲಿ ಯಾವ ಮಾತುಗಳನ್ನು ಆಡುತ್ತೇವೆ?
2. ಪರೀಕ್ಷೆಗೆ ಹೆಂಡತಿಯೊಡನೆ ಹೋಗಲು ಗಂಡನನ್ನು ತಡೆಯುವುದು ಏನು?
3. ಸಿರಾಖ 38:1-15 ಮತ್ತು 1 ಸಮುವೇಲ 1ನ್ನು ಒಟ್ಟಿಗೆ ಓದಿರಿ.

ಪ್ರಾರ್ಥನೆ: ಓ ಸರ್ವೇಶ್ವರಾ, ಮಗುವಿಗಾಗಿ ಕಾದಿರುವ ದಂಪತಿಗಳಿಗೆ ತಾಳ್ಮೆಯನ್ನೂ, ಅವರ ವೈದ್ಯರಿಗೆ ಜ್ಞಾನವನ್ನೂ, ನಮ್ಮ ನಾಲಗೆಗೆ ಕರುಣೆಯನ್ನೂ ದಯಪಾಲಿಸಿರಿ. ಆಮೆನ್.